ಕತ್ತಲೆಕೋಣೆಯಲ್ಲಿ ಬೆಳ್ಳಿಯ ಬಿಂಬ

1897ನೆಯ ಇಸವಿಯ ಜುಲೈ 11ರಂದು ಸ್ವೀಡನ್ ದೇಶದ ಮೂವರು ಸಾಹಸಿಗಳು ಉತ್ತರಧ್ರುವವನ್ನು ತಲುಪುವ ಹಂಬಲದಿಂದ ಜಲಜನಕ ತುಂಬಿದ ಬಲೂನನ್ನೇರಿ ಸ್ವಾಲ್‌ಬಾರ್ಡ್ ದ್ವೀಪಸ್ತೋಮದಿಂದ ಹೊರಟರು. ಆಂದ್ರೇ ಎಂಬಾತ ಅವರ ನಾಯಕ; ಸ್ಟ್ರಿಂಡ್‌ಬರ್ಗ್ ಎಂಬ ತರುಣ ಛಾಯಾಗ್ರಾಹಕ; ಫ್ರೆಂಕೆಲ್ ಮೂರನೆಯವನು. ಬಲೂನು ಮೂರು ದಿನವೂ ಹಾರಲಾರದೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಇಳಿದುಬಿಟ್ಟಿತು. ಕಾಲ್ನಡಿಗೆಯಲ್ಲಿ ಮರಳಲು ಹೊರಟ ಮೂವರೂ ಕಣ್ಮರೆಯಾದರು. 1930ರಲ್ಲಿ, ಎಂದರೆ 33 ವರ್ಷಗಳ ತರುವಾಯ, ಕ್ವಿಟೊಯಾ ಎಂಬ ನಿರ್ಜನ ದ್ವೀಪದಲ್ಲಿ ಅವರ ಅವಶೇಷಗಳು ದೊರೆತವು. ಅವುಗಳೊಡನೆ ಸ್ಟ್ರಿಂಡ್‌ಬರ್ಗನು ತೆಗೆದಿದ್ದ, ಆದರೆ ಸಂಸ್ಕರಿಸದೆ ಉಳಿದಿದ್ದ ಫಿಲ್ಮುಗಳೂ ಇದ್ದುವು. ಹಿಮದಲ್ಲಿ ನೆನೆದು ಹೆಪ್ಪುಗಟ್ಟಿದ್ದ ಆ ಸುರುಳಿಗಳನ್ನು ಸ್ಟಾಕ್‌ಹೋಮಿನಲ್ಲಿ ಜಾನ್ ಹರ್ಟ್ಸ್‌ಬರ್ಗ್ ಎಂಬ ತಜ್ಞನು ಕತ್ತಲೆಕೋಣೆಗೆ ಒಯ್ದು ಎಚ್ಚರಿಕೆಯಿಂದ ಸಂಸ್ಕರಿಸಿದನು. ಸುಮಾರು 240 ಚಿತ್ರಗಳ ಪೈಕಿ 93 ಉಳಿದುಬಂದವು. ಮಂಜಿನ ಮೇಲೆ ಮಗುಚಿ ಬಿದ್ದ ಬಲೂನು, ಅದನ್ನೇ ದಿಟ್ಟಿಸಿ ನಿಂತ ಇಬ್ಬರು ಮನುಷ್ಯರು—ಇವು ಲೋಕಕ್ಕೆ ಕಂಡದ್ದು ಹಾಗೆ.

ಈ ವೃತ್ತಾಂತದಲ್ಲಿ ವಿಜ್ಞಾನದ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಗಳು ಎರಡು. ಮೂವತ್ತಮೂರು ವರ್ಷ ಆ ಫಿಲ್ಮಿನ ಮೇಲೆ ಇದ್ದದ್ದಾದರೂ ಏನು? ಯಾವ ಸೂಕ್ಷ್ಮದರ್ಶಕವೂ ತೋರಿಸಲಾರದ ಆ ಚಿತ್ರವನ್ನು ಹರ್ಟ್ಸ್‌ಬರ್ಗನ ದ್ರಾವಣವು ಹೊರಗೆಳೆದದ್ದು ಹೇಗೆ? ಇವಕ್ಕೆ ಉತ್ತರ ತಿಳಿದವನಿಗೆ ಕಪ್ಪುಬಿಳುಪು ಛಾಯಾಚಿತ್ರಗಳನ್ನು ತಾನೇ ಸಂಸ್ಕರಿಸಿ ಮುದ್ರಿಸುವ ಕೆಲಸ ಅರ್ಧ ಬಂದಂತೆಯೇ. ಅಂಕೀಯ ಕ್ಯಾಮೆರಾ ಮನೆಮನೆಗೂ ಬಂದಿರುವ ಈ ಕಾಲದಲ್ಲಿ ಅದೇಕೆ ಬೇಕೆಂದು ಯಾರಾದರೂ ಕೇಳಬಹುದು. ರಸಾಯನಶಾಸ್ತ್ರದ ಒಂದು ಕ್ರಿಯೆಯನ್ನು ಕಣ್ಣಾರೆ ಕಾಣಲು, ಕೈಯಾರೆ ಹಿಡಿತಕ್ಕೆ ತರಲು ಇಷ್ಟು ಅಗ್ಗವೂ ಸುಂದರವೂ ಆದ ಪ್ರಯೋಗ ಬೇರೊಂದಿಲ್ಲ ಎಂಬುದೇ ನಮ್ಮ ಉತ್ತರ.

ಫಿಲ್ಮಿನ ಮೇಲಿನ ತೆಳುವಾದ ಜೆಲಟಿನ್ ಪದರದಲ್ಲಿ ಬೆಳ್ಳಿಯ ಬ್ರೋಮೈಡಿನ ಕೋಟ್ಯಂತರ ಹರಳುಗಳು ಹುದುಗಿರುತ್ತವೆ. ಅಂಚು ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಇರುವ ಹರಳೊಂದನ್ನು ಊಹಿಸಿಕೊಳ್ಳಿರಿ. ಅದರಲ್ಲಿ ಸುಮಾರು ಎರಡು ಸಾವಿರ ಕೋಟಿ ಬೆಳ್ಳಿಯ ಅಯಾನುಗಳಿರುತ್ತವೆ. ಬೆಳಕಿನ ಕಣವೊಂದು ಹರಳನ್ನು ಹೊಕ್ಕಾಗ ಬ್ರೋಮೈಡ್ ಅಯಾನಿನಿಂದ ಒಂದು ಎಲೆಕ್ಟ್ರಾನು ಬಿಡುಗಡೆಯಾಗುತ್ತದೆ. ಅದು ಹರಳಿನೊಳಗೆ ಅಲೆದು, ಯಾವುದಾದರೂ ಒಂದು ದೋಷಸ್ಥಾನದಲ್ಲಿ ಸಿಕ್ಕಿಬೀಳುತ್ತದೆ. ಹರಳಿನ ಸಂದಿಗಳಲ್ಲಿ ಚಲಿಸುತ್ತಿರುವ ಬೆಳ್ಳಿಯ ಅಯಾನೊಂದು ಆ ಎಲೆಕ್ಟ್ರಾನಿನತ್ತ ಆಕರ್ಷಿತವಾಗಿ ಬೆಳ್ಳಿಯ ಪರಮಾಣುವಾಗುತ್ತದೆ. ಇದೇ ರೀತಿ ಅದೇ ಸ್ಥಾನದಲ್ಲಿ ನಾಲ್ಕಾರು ಪರಮಾಣುಗಳು ಕೂಡಿದರೆ ಮುಗಿಯಿತು. ಹರಳಿಗೆ ಬೆಳಕಿನ ಮುದ್ರೆ ಬಿದ್ದಂತೆ. 1938ರಲ್ಲಿ ಗರ್ನಿ ಮತ್ತು ಮಾಟ್ ಎಂಬ ಭೌತವಿಜ್ಞಾನಿಗಳು ಮುಂದಿಟ್ಟ ವಿವರಣೆಯ ತಿರುಳು ಇದು. ಎರಡು ಸಾವಿರ ಕೋಟಿಯಲ್ಲಿ ನಾಲ್ಕು! ಇದನ್ನೇ ಸುಪ್ತಬಿಂಬವೆನ್ನುತ್ತಾರೆ. ಉತ್ತರಧ್ರುವದ ಚಳಿಯಲ್ಲಿ 33 ವರ್ಷ ಕಾದು ಕುಳಿತದ್ದು ಇದೇ.

ಆ ದೋಷಸ್ಥಾನಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಒಂದು ಮಾದರಿಯ ಜೆಲಟಿನ್ನಿನಿಂದ ಮಾಡಿದ ಫಿಲ್ಮು ಚುರುಕಾಗಿಯೂ ಇನ್ನೊಂದರಿಂದ ಮಾಡಿದ್ದು ಮಂದವಾಗಿಯೂ ಇರುವುದೇಕೆಂಬುದು ತಯಾರಕರಿಗೆ ಬಹುಕಾಲ ಒಗಟಾಗಿತ್ತು. 1925ರಲ್ಲಿ ಕೊಡಾಕ್ ಪ್ರಯೋಗಾಲಯದ ಶೆಪರ್ಡ್ ಎಂಬಾತ ಅದನ್ನು ಬಿಡಿಸಿದನು. ಜೆಲಟಿನ್ನನ್ನು ದನಗಳ ಚರ್ಮ ಮತ್ತು ಮೂಳೆಗಳಿಂದ ತೆಗೆಯುತ್ತಾರೆ. ಅದರಲ್ಲಿ ಲೇಶಮಾತ್ರ ಉಳಿದ ಗಂಧಕದ ಸಂಯುಕ್ತಗಳು—ಸಾಸಿವೆಯ ಎಣ್ಣೆಯಲ್ಲಿ ಘಾಟು ಹುಟ್ಟಿಸುವ ಪದಾರ್ಥದ ಬಂಧುಗಳು—ಹರಳಿನ ಮೇಲೆ ಬೆಳ್ಳಿಯ ಸಲ್ಫೈಡಿನ ಚುಕ್ಕೆಗಳನ್ನಿಟ್ಟು ಎಲೆಕ್ಟ್ರಾನುಗಳಿಗೆ ಬಲೆಯೊಡ್ಡುತ್ತಿದ್ದುವು. ಫಿಲ್ಮಿನ ಚುರುಕಿಗೂ ಒಗ್ಗರಣೆಯ ಸಾಸಿವೆಗೂ ಹೀಗೆ ನೆಂಟಸ್ತನವುಂಟು.

ಸುಪ್ತಬಿಂಬವನ್ನು ಎಬ್ಬಿಸಬಹುದೆಂಬ ಸಂಗತಿಯನ್ನು ಇಂಗ್ಲೆಂಡಿನ ಟಾಲ್ಬಟ್ 1840ರ ಸೆಪ್ಟೆಂಬರಿನಲ್ಲಿ ಕಂಡುಕೊಂಡನು. ಅದಕ್ಕೆ ಮುಂಚೆ ಕಾಗದವು ಬೆಳಕಿನಿಂದಲೇ ಪೂರ್ತಿ ಕಪ್ಪಾಗುವವರೆಗೂ ಕ್ಯಾಮೆರಾದಲ್ಲಿ ಬಿಟ್ಟಿರಬೇಕಾಗಿತ್ತು. ಗ್ಯಾಲಿಕ್ ಆಮ್ಲ ಬೆರೆತ ದ್ರಾವಣವು ಉಳಿದ ಕೆಲಸವನ್ನು ತಾನೇ ಮಾಡಬಲ್ಲುದೆಂದು ತಿಳಿದಮೇಲೆ ಬೆಳಕು ಆರಂಭವನ್ನಷ್ಟೇ ಮಾಡಿಕೊಟ್ಟರೆ ಸಾಕಾಯಿತು. ಇಂದಿನ ಡೆವಲಪರ್ ಮಾಡುವುದೂ ಇದನ್ನೇ. ಅದು ಎಲೆಕ್ಟ್ರಾನುಗಳನ್ನು ಕೊಡುವ, ಎಂದರೆ ಅಪಕರ್ಷಿಸುವ ಪದಾರ್ಥ. ಮುದ್ರೆ ಬಿದ್ದ ಹರಳಿನ ನಾಲ್ಕು ಪರಮಾಣುಗಳೇ ಅದಕ್ಕೆ ಹೆಬ್ಬಾಗಿಲು. ಅಲ್ಲಿಂದ ಒಳನುಗ್ಗಿ ಹರಳಿನ ಸಮಸ್ತ ಬೆಳ್ಳಿಯನ್ನೂ ಲೋಹವಾಗಿಸುತ್ತದೆ. ನುಣ್ಣನೆಯ ಕಣಗಳಾಗಿ ಒಡೆದ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಬೆಳಕು ಮಾಡಿದ್ದನ್ನು ಡೆವಲಪರ್ ನೂರು ಕೋಟಿ ಮಡಿಯಷ್ಟು ಹಿಗ್ಗಿಸುತ್ತದೆಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಮುದ್ರೆ ಬೀಳದ ಹರಳುಗಳನ್ನು ಡೆವಲಪರ್ ಮುಟ್ಟುವುದೇ ಇಲ್ಲವೆಂದಲ್ಲ. ನಿಧಾನವಾಗಿ ಮುಟ್ಟುತ್ತದೆ, ಅಷ್ಟೆ. ಬಹಳ ಹೊತ್ತು ಬಿಟ್ಟರೆ ಅಥವಾ ದ್ರಾವಣ ಬಿಸಿಯಾಗಿದ್ದರೆ ಅವೂ ಕಪ್ಪಾಗುತ್ತವೆ. ಚಿತ್ರದ ಮೇಲೆ ಮಂಜು ಕವಿದಂತಾಗುತ್ತದೆ. ಆದ್ದರಿಂದ ಸಂಸ್ಕರಣವೆಂಬುದು ಎರಡು ವೇಗಗಳ ನಡುವಣ ಓಟದ ಪಂದ್ಯ. ಅದನ್ನು ಸರಿಯಾದ ಗಳಿಗೆಯಲ್ಲಿ ನಿಲ್ಲಿಸುವುದೇ ಕುಶಲತೆ. ಹೊಸಬನು ಗಡಿಯಾರಕ್ಕೂ ಉಷ್ಣಮಾಪಕಕ್ಕೂ ಕೊಡಬೇಕಾದ ಗೌರವವನ್ನು ದುಬಾರಿ ಕ್ಯಾಮೆರಾಕ್ಕೆ ಕೊಡುವುದುಂಟು, ಇದು ವಿಪರ್ಯಾಸ.

ಇನ್ನೊಂದು ಸಂಗತಿಯನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ನೆಗೆಟಿವ್ ತಯಾರಿಕೆ ಮತ್ತು ಮುದ್ರಣ ಇವೆರಡೂ ಒಂದೇ ರಸಾಯನಕ್ರಿಯೆಯ ಆವೃತ್ತಿಗಳಾದರೂ ಸ್ವಭಾವದಲ್ಲಿ ತೀರ ಭಿನ್ನ. ಮುದ್ರಣದಲ್ಲಿ ಒಂದು ಹಾಳೆ ಕೆಟ್ಟರೆ ಇನ್ನೊಂದು ಹಾಳೆ. ಫಿಲ್ಮಿಗಾದರೋ ಎರಡನೆಯ ಅವಕಾಶವಿಲ್ಲ. ಕಾಲಕಳೆದುಹೋದ ಅಜ್ಜಿಯ ಮುಖವಿರಲಿ, ಉತ್ತರಧ್ರುವದ ಬಲೂನಿರಲಿ, ಆ ಹದಿನೈದು ನಿಮಿಷಗಳಲ್ಲಿ ಉಳಿಯಬೇಕು, ಇಲ್ಲವೆ ಅಳಿಯಬೇಕು. ಆದಕಾರಣ ಈ ಲೇಖನದಲ್ಲಿ ಫಿಲ್ಮಿಗೆ ಹೆಚ್ಚು ಜಾಗ ಸಲ್ಲುತ್ತದೆ.

ಬೇಕಾದ ಸಲಕರಣೆ ಸ್ವಲ್ಪವೇ: ಬೆಳಕು ನುಸುಳದ ಮುಚ್ಚಳವುಳ್ಳ ಡೆವಲಪಿಂಗ್ ಟ್ಯಾಂಕು, ಅದರೊಳಗಿನ ಸುರುಳಿ, ಉಷ್ಣಮಾಪಕ, ಅಳತೆಯ ಜಾಡಿ, ಕಂದು ಗಾಜಿನ ಸೀಸೆಗಳು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಅಡುಗೆಮನೆಯ ಪಾತ್ರೆಗಳನ್ನು ಇದಕ್ಕೆ ಬಳಸಿ ಮತ್ತೆ ಅಡುಗೆಗೆ ಇಡುವುದು ಸರ್ವಥಾ ಕೂಡದು. ಇಂದಿನ ಫಿಲ್ಮುಗಳು ಕೆಂಪನ್ನೂ ಸೇರಿಸಿಕೊಂಡು ಎಲ್ಲ ಬಣ್ಣಗಳಿಗೂ ಸಂವೇದಿಯಾಗಿರುವುದರಿಂದ ಟ್ಯಾಂಕಿಗೆ ತುಂಬುವಾಗ ಕೆಂಪು ದೀಪವೂ ಸಲ್ಲದು. ಪೂರ್ಣ ಕತ್ತಲೆಯೇ ಬೇಕು. ಕಿಟಕಿಗೆ ಕಂಬಳಿ ಕಟ್ಟಿದ ಬಚ್ಚಲುಮನೆ ಸಾಕು. ಒಳಗೆ ಐದು ನಿಮಿಷ ಸುಮ್ಮನೆ ಕುಳಿತುಕೊಂಡು, ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ, ಬಿಳಿಯ ಕಾಗದವನ್ನು ಮುಖದ ಮುಂದೆ ಹಿಡಿಯಿರಿ. ಅದು ಕಂಡರೆ ಬೆಳಕು ಎಲ್ಲಿಂದಲೋ ನುಸುಳುತ್ತಿದೆ. ರಾತ್ರಿಯ ಹೊತ್ತು ಕೆಲಸ ಮಾಡಿದರೆ ಈ ತಾಪತ್ರಯವೇ ಕಡಿಮೆ.

ಮೂವತ್ತಾರು ಚಿತ್ರಗಳ ಫಿಲ್ಮು ಒಂದೂವರೆ ಮೀಟರಿಗಿಂತ ಉದ್ದ. ಅದನ್ನು ಸುರುಳಿಯ ಸಾಲುಗಳಿಗೆ ಕತ್ತಲೆಯಲ್ಲಿ ಸೇರಿಸುವುದು ಬೆರಳುಗಳ ವಿದ್ಯೆ. ಹಾಳಾದ ಫಿಲ್ಮೊಂದನ್ನು ಇದಕ್ಕೆಂದೇ ಇಟ್ಟುಕೊಂಡು, ಮೊದಲು ಬೆಳಕಿನಲ್ಲಿ, ಅನಂತರ ಕಣ್ಣುಮುಚ್ಚಿ, ಕೊನೆಗೆ ಕತ್ತಲೆಯಲ್ಲಿ, ಹತ್ತಾರು ಸಲ ಅಭ್ಯಾಸಮಾಡಬೇಕು. ಸುರುಳಿಯಲ್ಲಿ ತೇವದ ಸುಳಿವಿದ್ದರೂ ಫಿಲ್ಮು ನಡುವೆ ಕಚ್ಚಿಕೊಂಡು ಮುಂದೆ ಹೋಗದು. ಕರಾವಳಿಯ ಸೆಕೆಯಲ್ಲಿ ಬೆವರಿದ ಕೈಯೇ ಶತ್ರುವಾಗುತ್ತದೆ. ಎರಡು ಸುತ್ತುಗಳು ಒಂದಕ್ಕೊಂದು ಅಂಟಿದರೆ ಅಲ್ಲಿ ದ್ರಾವಣ ಹೋಗದೆ ಆ ಚಿತ್ರಗಳು ಶಾಶ್ವತವಾಗಿ ನಷ್ಟ.

ಡೆವಲಪರನ್ನು ಪೊಟ್ಟಣದಲ್ಲಿ ಸಿದ್ಧವಾಗಿಯೇ ಕೊಳ್ಳಬಹುದು. ಆದರೂ ಕೊಡಾಕಿನ ಕ್ಯಾಪ್‌ಸ್ಟಾಫ್ ರೂಪಿಸಿ 1927ರಿಂದ ಬಳಕೆಯಲ್ಲಿರುವ ಡಿ-76 ಎಂಬ ಸೂತ್ರವನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮೆಟಾಲ್ ಬೇಗನೆ ಕೆಲಸಕ್ಕಿಳಿದು ಮಂದಪ್ರಕಾಶದ ವಿವರಗಳನ್ನು ಹೊರತರುತ್ತದೆ. ಹೈಡ್ರೋಕ್ವಿನೋನ್ ಹಿಂದಿನಿಂದ ಅದಕ್ಕೆ ಮರುಚೈತನ್ಯ ಕೊಡುತ್ತದೆ. ಇವೆರಡೂ ಕ್ಷಾರದಲ್ಲಿ ಮಾತ್ರ ಚುರುಕಾದ್ದರಿಂದ ಬೋರಾಕ್ಸು. ಇನ್ನು ನೂರು ಗ್ರಾಂ ಸಲ್ಫೈಟು? ಗಾಳಿಯ ಆಮ್ಲಜನಕದಿಂದ ದ್ರಾವಣ ಕೆಡದಂತೆ ಕಾಯುವುದು ಅದರ ಕರ್ತವ್ಯ. ಜೊತೆಗೆ ಹರಳಿನ ಅಂಚುಗಳನ್ನು ತುಸು ಕರಗಿಸಿ ಚಿತ್ರವನ್ನು ನಯಗೊಳಿಸುತ್ತದೆ. ಮೆಟಾಲನ್ನು ಮೊದಲು ಕರಗಿಸಬೇಕು, ಏಕೆಂದರೆ ಸಲ್ಫೈಟು ತುಂಬಿದ ನೀರಿನಲ್ಲಿ ಅದು ಕರಗಲೊಲ್ಲದು. ಕೆಲವರ ಚರ್ಮಕ್ಕೆ ಮೆಟಾಲ್ ತಾಗಿದರೆ ತುರಿ, ಗುಳ್ಳೆಗಳೇಳುತ್ತವೆ. ಆದ್ದರಿಂದ ಕೈಗವಸು ತೊಡಿರಿ. ಪುಡಿಗಳನ್ನು ತೂಗುವಾಗ ಗಾಳಿಯಾಡುವ ಜಾಗದಲ್ಲಿ, ಕಣ್ಣಿಗೆ ಕನ್ನಡಕವಿಟ್ಟು, ಹಿರಿಯರೊಬ್ಬರ ಸಮ್ಮುಖದಲ್ಲಿ ತೂಗಿರಿ.

ಇನ್ನು ಉಷ್ಣತೆಯ ಮಾತು. ಪುಸ್ತಕಗಳೆಲ್ಲ 20 ಡಿಗ್ರಿ ಸೆಂಟಿಗ್ರೇಡ್ ಎನ್ನುತ್ತವೆ. ಇಂಗ್ಲೆಂಡಿನ ನಲ್ಲಿಗೆ ಅದು ದೊಡ್ಡ ಮಾತಲ್ಲ. ಮೇ ತಿಂಗಳಿನ ರಾಯಚೂರಿನಲ್ಲಿ ಮಾಳಿಗೆಯ ತೊಟ್ಟಿಯ ನೀರು 30 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಉಷ್ಣತೆ ಏರಿದಂತೆ ಕ್ರಿಯೆಯ ವೇಗವೂ ಏರುತ್ತದೆ: ಇಲ್ಫರ್ಡ್ ಎಫ್‌ಪಿ4 ಪ್ಲಸ್ ಎಂಬ ಫಿಲ್ಮಿಗೆ ನೀರು ಬೆರೆಸದ ಡಿ-76ರಲ್ಲಿ 20 ಡಿಗ್ರಿಗೆ ಸುಮಾರು ಎಂಟೂವರೆ ನಿಮಿಷ ಬೇಕಾದರೆ 24 ಡಿಗ್ರಿಗೆ ಆರು ನಿಮಿಷ ಸಾಕು. ಇನ್ನೂ ಏರಿದರೆ ಹೊತ್ತು ಐದು ನಿಮಿಷಕ್ಕೂ ಇಳಿದು, ದ್ರಾವಣ ಸುರಿಯುವ ವೇಳೆಯ ಅಲ್ಪ ವ್ಯತ್ಯಾಸಗಳೂ ಚಿತ್ರದಲ್ಲಿ ಪಟ್ಟೆಗಳಾಗಿ ಕಾಣುತ್ತವೆ. ಜೆಲಟಿನ್ ಹಿಗ್ಗಿ ಮೆದುವಾಗಿ, ಉಗುರು ಸೋಕಿದರೂ ಗಾಯವಾಗುತ್ತದೆ. ಇದಕ್ಕೆ ನಮ್ಮ ಮನೆಗಳಲ್ಲೇ ಉಪಾಯವಿದೆ. ಒಣಹವೆಯ ಊರುಗಳಲ್ಲಿ ಹಿಂದಿನ ರಾತ್ರಿ ಮಣ್ಣಿನ ಹೂಜಿಯಲ್ಲಿಟ್ಟ ನೀರು ಆವಿಯಾಗುವಿಕೆಯಿಂದ ಹಲವು ಡಿಗ್ರಿ ತಣಿದಿರುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಹೂಜಿ ಅಷ್ಟಾಗಿ ನೆರವಾಗದು. ಅಲ್ಲಿ ಬೋಗುಣಿಯ ನೀರಿನಲ್ಲಿ ಮಂಜುಗಡ್ಡೆ ಹಾಕಿ, ಅದರೊಳಗೆ ಸೀಸೆಗಳನ್ನು ನಿಲ್ಲಿಸಬೇಕು. ಡೆವಲಪರಿನೊಳಕ್ಕೇ ಮಂಜುಗಡ್ಡೆ ಹಾಕಿದರೆ ಅದು ನೀರಾಗಿ ಬಲ ಕುಗ್ಗುತ್ತದೆ. ಡೆವಲಪರನ್ನಷ್ಟೇ ತಣಿಸಿ ಉಳಿದವನ್ನು ಬಿಸಿಯಾಗಿಯೇ ಬಿಡುವುದೂ ಸಲ್ಲದು. ತಣ್ಣನೆಯ ದ್ರಾವಣದಿಂದ ಬಿಸಿನೀರಿಗೆ ಬಿದ್ದ ಜೆಲಟಿನ್ ಒಮ್ಮೆಗೇ ಹಿಗ್ಗಿ, ಬಿರುಕುಬಿಟ್ಟ ಕೆರೆಯಂಗಳದಂತೆ ಸುಕ್ಕುಗಟ್ಟಬಲ್ಲದು. ತೊಳೆಯುವ ನೀರೂ ಸೇರಿದಂತೆ ಎಲ್ಲವೂ ಒಂದೇ ಉಷ್ಣತೆಯಲ್ಲಿರಲಿ. 24ಕ್ಕೇ ನಿಂತರೂ ಚಿಂತೆಯಿಲ್ಲ.

ದ್ರಾವಣವನ್ನು ಹೊಯ್ದೊಡನೆ ಟ್ಯಾಂಕನ್ನು ಮೇಜಿಗೆ ಒಂದೆರಡು ಸಲ ತಟ್ಟಿ, ಫಿಲ್ಮಿಗೆ ಅಂಟಿದ ಗಾಳಿಗುಳ್ಳೆಗಳನ್ನು ಬಿಡಿಸಬೇಕು. ಮೊದಲ ಅರ್ಧ ನಿಮಿಷ ಎಡೆಬಿಡದೆ, ಆಮೇಲೆ ನಿಮಿಷಕ್ಕೆ ಹತ್ತು ಸೆಕೆಂಡು, ಟ್ಯಾಂಕನ್ನು ಮೆಲ್ಲಗೆ ಮಗುಚಿ ಎತ್ತಬೇಕು. ಚಿತ್ರದ ಪ್ರಕಾಶಮಯ ಭಾಗಗಳಲ್ಲಿ ಡೆವಲಪರ್ ಬೇಗ ಸೊರಗುವುದರಿಂದ ಅಲ್ಲಿಗೆ ಹೊಸ ದ್ರಾವಣ ಒದಗಬೇಕಷ್ಟೆ. ಇಲ್ಲಿಯೇ ಒಂದು ಮಾತು: ನೆರಳಿನ ಭಾಗದ ವಿವರಗಳು ಕ್ಯಾಮೆರಾದಲ್ಲಿ ಬಿದ್ದ ಬೆಳಕಿನಿಂದಲೇ ತೀರ್ಮಾನವಾಗಿರುತ್ತವೆ. ಡೆವಲಪಿಂಗಿನ ಹೊತ್ತನ್ನು ಹೆಚ್ಚಿಸಿದರೆ ಬೆಳಗುವ ಭಾಗಗಳು ಇನ್ನೂ ದಟ್ಟವಾಗುತ್ತವೆಯೇ ಹೊರತು, ಮುದ್ರೆಯೇ ಬೀಳದ ನೆರಳಿನಲ್ಲಿ ಚಿತ್ರ ಹುಟ್ಟುವುದಿಲ್ಲ.

ವೇಳೆ ತೀರಿದೊಡನೆ ಡೆವಲಪರನ್ನು ಬಗ್ಗಿಸಿ, ಒಂದು ಪಾಲು ಬಿಳಿಯ ವಿನಿಗರಿಗೆ ಎರಡು ಪಾಲು ನೀರು ಬೆರೆಸಿದ ಹುಳಿನೀರನ್ನು ಅರ್ಧ ನಿಮಿಷ ತುಂಬಿದರೆ ಕ್ಷಾರ ಅಳಿದು ಕ್ರಿಯೆ ನಿಲ್ಲುತ್ತದೆ. ಮುಂದಿನದು ಹೈಪೊ, ಎಂದರೆ ಸೋಡಿಯಂ ಥಯೋಸಲ್ಫೇಟ್. ಬೆಳ್ಳಿಯ ಲವಣಗಳನ್ನು ಅದು ಕರಗಿಸುತ್ತದೆಂಬುದನ್ನು ಜಾನ್ ಹರ್ಷಲ್ 1819ರಲ್ಲೇ ಗುರುತಿಸಿದ್ದನು. ಛಾಯಾಚಿತ್ರವನ್ನು ನೆಲೆಗೊಳಿಸಲು ಅದು ನೆರವಾದದ್ದು ಇಪ್ಪತ್ತು ವರ್ಷಗಳ ಮೇಲೆ. ಲೀಟರಿಗೆ 250 ಗ್ರಾಂ ಹರಳನ್ನು ಕರಗಿಸುವಾಗ ಜಾಡಿಯನ್ನು ಮುಟ್ಟಿನೋಡಿರಿ. ಕರಗುವ ಹೈಪೊ ಶಾಖವನ್ನು ಹೀರಿಕೊಂಡು ನೀರನ್ನು ತಣ್ಣಗಾಗಿಸುತ್ತದೆ. ಆದ್ದರಿಂದ ಬೆಚ್ಚನೆಯ ನೀರಿನಿಂದಲೇ ಆರಂಭಿಸಬೇಕು. ಹೈಪೊವಿಗೆ ಆಮ್ಲ ಬೆರೆತರೆ ಗಂಧಕ ಬೇರ್ಪಟ್ಟು ದ್ರಾವಣ ಹಾಲಿನಂತಾಗುವುದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಂಡಿರುತ್ತೀರಿ. ಫಿಲ್ಮಿನೊಡನೆ ಬರುವ ಹುಳಿನೀರು ಹಾಗೆ ಮಾಡದಿರಲೆಂದು ತುಸು ಸಲ್ಫೈಟನ್ನು ಇದಕ್ಕೂ ಸೇರಿಸುತ್ತಾರೆ.

ಎಷ್ಟು ಹೊತ್ತು ಹೈಪೊವಿನಲ್ಲಿಡಬೇಕು? ಫಿಲ್ಮಿನ ತುದಿಯಿಂದ ಕತ್ತರಿಸಿದ ಚೂರೊಂದನ್ನು ಬೆಳಕಿನಲ್ಲಿಯೇ ಅದಕ್ಕೆ ಹಾಕಿ. ಹಾಲುಬಿಳುಪು ಮಾಯವಾಗಿ ಚೂರು ಪಾರದರ್ಶಕವಾಗಲು ಎಷ್ಟು ನಿಮಿಷ ಹಿಡಿಯಿತೋ ಅದರ ಎರಡರಷ್ಟು. ಪಾರದರ್ಶಕವಾದೊಡನೆ ತೆಗೆದುಬಿಡಬಾರದು, ಬೆಳ್ಳಿಯ ಲವಣವು ಮೊದಲು ಸುಲಭವಾಗಿ ಕರಗದ ಸಂಕೀರ್ಣವಾಗಿ, ಮತ್ತಷ್ಟು ಹೈಪೊ ದೊರೆತ ಮೇಲೆಯೇ ತೊಳೆದುಹೋಗುವಂಥ ಸಂಕೀರ್ಣವಾಗುತ್ತದೆ. ಮನೆಯ ಹಳೆಯ ಆಲ್ಬಂ ತೆರೆದಾಗ ಮದುವೆಯ ಚಿತ್ರಗಳು ಹಳದಿಗಟ್ಟಿ, ಕಂದಿಹೋಗಿರುವುದನ್ನು ನೋಡಿಲ್ಲವೆ? ಅನೇಕ ವೇಳೆ ಅದು ವಯಸ್ಸಿನ ದೋಷವಲ್ಲ. ಅವಸರದಿಂದ ಹೈಪೊವಿನಿಂದ ಎತ್ತಿದ, ಸರಿಯಾಗಿ ತೊಳೆಯದ ಪ್ರತಿಗಳವು. ಉಳಿದುಕೊಂಡ ಹೈಪೊವಿನ ಗಂಧಕವು ವರ್ಷಗಳ ಮೇಲೆ ಬೆಳ್ಳಿಯನ್ನು ಕಂದುಬಣ್ಣದ ಸಲ್ಫೈಡಾಗಿ ಮಾರ್ಪಡಿಸುತ್ತದೆ. ಐವತ್ತು ವರ್ಷ ಬಾಳಬೇಕಾದ ಮುಖ ಐದು ನಿಮಿಷದ ಸೋಮಾರಿತನದಿಂದ ಅಳಿಸಿಹೋಗುವುದು ನಿಜಕ್ಕೂ ದುಃಖದ ಸಂಗತಿ.

ತೊಳೆಯಲು ನೀರು ಧಾರಾಳವಾಗಿ ಬೇಕೆಂಬುದು ತಪ್ಪು ತಿಳಿವಳಿಕೆ. ಟ್ಯಾಂಕಿಗೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲುವುದು. ಮತ್ತೆ ತುಂಬಿ ಹತ್ತು ಸಲ. ಮತ್ತೊಮ್ಮೆ ಇಪ್ಪತ್ತು ಸಲ. ಸಾದಾ ಹೈಪೊ ಆದರೆ ಇನ್ನೂ ಒಂದೆರಡು ಸುತ್ತು. ಕೊಳವೆಬಾವಿಯ ಗಡಸುನೀರು ಒಣಗಿದಲ್ಲಿ ಸುಣ್ಣದ ಕಲೆಗಳುಳಿಯುವುದರಿಂದ ಕಡೆಯ ಬಾರಿಗೆ, ಮೋಟಾರು ಬ್ಯಾಟರಿಗೆ ಹಾಕುವ ಬಟ್ಟಿನೀರನ್ನು ಬಳಸಬೇಕು. ಧೂಳಿಲ್ಲದ ಕಡೆ, ಫ್ಯಾನು ನಿಲ್ಲಿಸಿ, ಕೆಳಗೊಂದು ಕ್ಲಿಪ್ಪಿನ ಭಾರ ಕಟ್ಟಿ ತೂಗುಹಾಕಿರಿ.

ಒಣಗಿದ ನೆಗೆಟಿವಿನಲ್ಲಿ ಬೆಳಕು ಕಪ್ಪು, ನೆರಳು ತಿಳಿ. ಮುದ್ರಣವೆಂದರೆ ಇದರ ಮೂಲಕ ಬೆಳಕು ಹಾಯಿಸಿ ಇನ್ನೊಮ್ಮೆ ತಲೆಕೆಳಗು ಮಾಡುವುದು. ಮುದ್ರಣದ ಕಾಗದವು ಕೆಂಪಿಗೆ ಕುರುಡಾದ್ದರಿಂದ ಕೆಂಪುದೀಪದ ಕೆಳಗೆ ನಿಶ್ಚಿಂತೆಯಿಂದ ನೋಡುತ್ತ ಕೆಲಸ ಮಾಡಬಹುದು. ಎನ್‌ಲಾರ್ಜರ್ ಇಲ್ಲವೆಂದು ಕೊರಗಬೇಕಾಗಿಲ್ಲ. ಕಾಗದದ ಮೇಲೆ ನೆಗೆಟಿವ್ ಪಟ್ಟಿಗಳನ್ನು ಜೋಡಿಸಿ, ಮೇಲೊಂದು ಗಾಜು ಹೊದಿಸಿ, ಒಂದು ಮೀಟರ್ ಎತ್ತರದ ಸಣ್ಣ ಬಲ್ಬನ್ನು ಕೆಲವು ಸೆಕೆಂಡು ಬೆಳಗಿಸಿದರೆ ಸ್ಪರ್ಶಮುದ್ರಣವಾಯಿತು. ಎಷ್ಟು ಸೆಕೆಂಡೆಂಬುದನ್ನು ಊಹಿಸಬೇಡಿ, ಅಳೆಯಿರಿ. ಕಾಗದದ ಪಟ್ಟಿಯೊಂದನ್ನು ರಟ್ಟಿನಿಂದ ಮುಚ್ಚಿ, ಐದೈದು ಸೆಕೆಂಡಿಗೊಮ್ಮೆ ರಟ್ಟನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹೋದರೆ 5, 10, 15, 20 ಸೆಕೆಂಡುಗಳ ಮೆಟ್ಟಿಲುಗಳು ಒಂದೇ ಪಟ್ಟಿಯಲ್ಲಿ ಮೂಡುತ್ತವೆ. ಸರಿಯಾದುದನ್ನು ಆರಿಸಿಕೊಂಡರಾಯಿತು. ಕೆಂಪುದೀಪದಲ್ಲಿ ಚಿತ್ರ ಇರುವುದಕ್ಕಿಂತ ಕಪ್ಪಾಗಿ ತೋರುವುದರಿಂದ ತೀರ್ಪನ್ನು ಬಿಳಿಯ ಬೆಳಕಿನಲ್ಲಿ ಕೊಡಬೇಕು. ಬೇಗ ಕಪ್ಪಾಯಿತೆಂದು ಗಾಬರಿಯಿಂದ ಹಾಳೆಯನ್ನು ಡೆವಲಪರಿನಿಂದ ಕಿತ್ತೆತ್ತಿದರೆ ಮಾಸಲು ಬೂದಿಬಣ್ಣವಷ್ಟೇ ಸಿಕ್ಕೀತು. ಒಂದೂವರೆ-ಎರಡು ನಿಮಿಷ ಪೂರ್ತಿ ಬಿಡಬೇಕು. ಕಪ್ಪು ಹೆಚ್ಚಾದರೆ ಮುಂದಿನ ಹಾಳೆಗೆ ಬೆಳಕನ್ನೇ ಕಡಿಮೆಮಾಡುವುದು.

ಎನ್‌ಲಾರ್ಜರ್ ದೊರೆತವರಿಗೆ ವಿಲೋಮವರ್ಗ ನಿಯಮ ಪಾಠದ ಪುಸ್ತಕದಿಂದ ಎದ್ದುಬರುತ್ತದೆ. ಚಿತ್ರದ ಉದ್ದಗಲಗಳನ್ನು ಎರಡರಷ್ಟು ಮಾಡಿದರೆ ಅದೇ ಬೆಳಕು ನಾಲ್ಕರಷ್ಟು ಜಾಗಕ್ಕೆ ಹರಡಬೇಕು. ಆದರೆ ಮಸೂರವು ನೆಗೆಟಿವಿಗೆ ಸ್ವಲ್ಪ ಸಮೀಪಿಸುವುದರಿಂದ ವಾಸ್ತವವಾಗಿ ಹೊತ್ತು ಮೂರರಿಂದ ನಾಲ್ಕು ಪಟ್ಟಾಗುತ್ತದೆ. ಮುಖಕ್ಕೆ ಹೆಚ್ಚು ಕಪ್ಪು ಬರುವಂತಿದ್ದರೆ ತಂತಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಕೆಲವು ಸೆಕೆಂಡು ಅಡ್ಡಹಿಡಿದು ಆಡಿಸುತ್ತ ಬೆಳಕು ತಡೆಯಬಹುದು. ಬಿಳುಚಿದ ಆಕಾಶಕ್ಕೆ ಹೆಚ್ಚು ಬೆಳಕು ಕೊಡಬಹುದು. ಇಲ್ಲಿಗೆ ರಸಾಯನದ ಜೊತೆ ಅಭಿರುಚಿಯೂ ಸೇರುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಎಂಬ ಹಳ್ಳಿಯ ಮೇಲೆ ಚಂದ್ರೋದಯವಾಗುವುದನ್ನು ಚಿತ್ರಿಸಿದನು. ಎರಡನೆಯ ಫಿಲ್ಮನ್ನು ಸಿದ್ಧಪಡಿಸುವುದರೊಳಗೆ ಗೋರಿಗಳ ಶಿಲುಬೆಗಳ ಮೇಲಣ ಬಿಸಿಲು ಮಾಯವಾಗಿತ್ತು. ಹೀಗಾಗಿ ಇರುವುದು ಒಂದೇ ನೆಗೆಟಿವ್. ಅದೂ ಮುದ್ರಣಕ್ಕೆ ಮಣಿಯದಂಥದು. 1948ರಲ್ಲಿ ಆತನು ಅದರ ಕೆಳಭಾಗವನ್ನಷ್ಟೇ ರಾಸಾಯನಿಕದಿಂದ ದಟ್ಟಗೊಳಿಸಿದನು. ದಶಕಗಳುದ್ದಕ್ಕೂ ಮತ್ತೆ ಮತ್ತೆ ಮುದ್ರಿಸುತ್ತ ಹೋದಂತೆ ಆಕಾಶ ಕಪ್ಪಾಗುತ್ತ ಬಂದಿತು. ಮೊದಮೊದಲ ಪ್ರತಿಗಳಲ್ಲಿದ್ದ ಮೋಡಗಳು ಕಡೆಯ ಪ್ರತಿಗಳಲ್ಲಿ ಅಡಗಿಹೋಗಿವೆ. ಯಾವುದು ಮೇಲೆಂಬುದು ನೋಡುವವರ ಇಷ್ಟ. ನನಗಂತೂ ಮೋಡಗಳಿರುವುದೇ ಹಿತ.

ಪ್ಲಾಸ್ಟಿಕ್ ಲೇಪದ ಕಾಗದವು ನೀರನ್ನು ಹೀರದ ಕಾರಣ ಎರಡು-ಮೂರು ನಿಮಿಷ ತೊಳೆದರೆ ಸಾಕು. ಶುದ್ಧ ನಾರುಕಾಗದಕ್ಕೆ ಒಂದು ಗಂಟೆ ಬೇಕಾದೀತು. ನೀಲಗಿರಿಯ ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯು ‘ಇಂದು’ ಎಂಬ ಹೆಸರಿನಲ್ಲಿ ಫಿಲ್ಮನ್ನೂ ಕಾಗದವನ್ನೂ ಒದಗಿಸುತ್ತಿತ್ತು. ಅದು ಮುಚ್ಚಿಹೋದ ಮೇಲೆ ನಾವು ಪರದೇಶದ ಸಾಮಗ್ರಿಯನ್ನೇ ಕೊಳ್ಳಬೇಕಾಗಿದೆ. ಒಂದೊಂದು ಹಾಳೆಯೂ ದುಬಾರಿ. ಪರೀಕ್ಷೆಗೆ ಸಣ್ಣ ಪಟ್ಟಿಗಳನ್ನು ಕತ್ತರಿಸಿಕೊಳ್ಳುವ ಅಭ್ಯಾಸವನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಹಳೆಯ ಹೈಪೊವನ್ನು ಗಿಡಗಳ ಬುಡಕ್ಕಾಗಲಿ ಬಾವಿಯ ಬಳಿಯಾಗಲಿ ಚೆಲ್ಲಬಾರದು. ಚಿತ್ರದಲ್ಲಿ ಉಪಯೋಗವಾಗದ ಬೆಳ್ಳಿಯೆಲ್ಲ ಅದರಲ್ಲಿದೆ, ಕೆರೆಯ ಜೀವಿಗಳಿಗೆ ಅದು ವಿಷ. ಉಜ್ಜಿ ತೊಳೆದ ತಾಮ್ರದ ತುಂಡೊಂದನ್ನು ಅದರಲ್ಲಿ ಮುಳುಗಿಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಬೂದುಬಿಳುಪಿನ ಲೇಪ ಕೂರುತ್ತದೆ. ಬೆಳ್ಳಿಯಿದೆಯೆಂಬುದಕ್ಕೆ ಅದೇ ಸಾಕ್ಷಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಉಕ್ಕಿನ ಉಣ್ಣೆಯನ್ನು ಹಾಕಿ ಕೆಲವು ದಿನ ಬಿಟ್ಟರೆ ಕಬ್ಬಿಣವು ಕರಗಿ ತನ್ನ ಜಾಗವನ್ನು ಬೆಳ್ಳಿಗೆ ಕೊಡುತ್ತದೆ, ತಳದಲ್ಲಿ ಕಪ್ಪು ಕೆಸರಾಗಿ ಬೆಳ್ಳಿ ನಿಲ್ಲುತ್ತದೆ. ಪಾತ್ರೆ ಉಜ್ಜುವ ಹೊಳಪಿನ ಸ್ಟೀಲ್ ತಂತಿ ತುಕ್ಕುಹಿಡಿಯದ ಜಾತಿಯದಾದ್ದರಿಂದ ಈ ಕೆಲಸಕ್ಕೆ ಬಾರದು; ಬಡಗಿಗಳು ಮರಕ್ಕೆ ನಯ ಕೊಡಲು ಬಳಸುವ, ಬೇಗ ತುಕ್ಕುಹಿಡಿಯುವಂಥದೇ ಬೇಕು.